ಮನೆಯಲ್ಲೇ ಬೊಂಬೆ ಕ್ಲೇ: ಮುದ್ದೆ ತಿರುವಲು ಬಂದರೆ ಇದೂ ಬರುತ್ತದೆ

ದಸರಾ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಬೊಂಬೆ ಅಂಗಡಿಗೆ ಪುಟಾಣಿ ತರಕಾರಿ ಇಟ್ಟಿದ್ರಲ್ಲ, ಆ ಕ್ಲೇ ಎಲ್ಲಿ ಸಿಗುತ್ತೆ?" ಮನೇಲೇ ಮಾಡಿದ್ದು ಅಂದರೆ ಎರಡನೇ ಪ್ರಶ್ನೆ ರೆಡಿ. "ನಾವೂ ಮಾಡಿದ್ವಿ, ಒಣಗಿದ ಮೇಲೆ ಬಿರುಕು ಬಿಡ್ತು. ಸರಿಯಾದ ಅಳತೆ ಹೇಳಿ."

ಅಳತೆ ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು. ಅಳತೆ ಸರಿ ಇದ್ದವರ ಬೊಂಬೆಗಳೂ ಬಿರುಕು ಬಿಡುತ್ತವೆ, ನನ್ನವೂ ಬಿಟ್ಟಿವೆ. ಬಹಳ ಸಲ ಕೆಡುವುದು ಒಲೆ ಮೇಲಲ್ಲ, ಒಣಗಿಸುವಾಗ. ಹಾಗಾಗಿ ಒಣಗಿಸುವ ಭಾಗವನ್ನು ದಯವಿಟ್ಟು ಹಾರಿಸಿ ಓದಬೇಡಿ.

ಯಾವ ಕ್ಲೇ, ಯಾವುದಕ್ಕೆ?

ಮನೆಯಲ್ಲಿ ಮಾಡುವ ಕ್ಲೇ ಅಂದರೆ ಮೂರು ಬಗೆ. ಮೈದಾ-ಉಪ್ಪಿನದು ಮಕ್ಕಳ ಆಟಕ್ಕೆ. ಕಾಗದ ನೆನೆಸಿ ಅರೆದು ಮಾಡುವುದು ದೊಡ್ಡ ಬೊಂಬೆ, ಮುಖವಾಡಕ್ಕೆ. ಮೂರನೆಯದು ಕಾರ್ನ್‌ಫ್ಲೋರ್ ಮತ್ತು ಬಿಳಿ ಅಂಟಿನದು. ಇದನ್ನು ಕೋಲ್ಡ್ ಪೋರ್ಸಲೇನ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಪೋರ್ಸಲೇನ್ ಅಂದರೆ ಪಿಂಗಾಣಿ. ಪಿಂಗಾಣಿಯನ್ನು ಭಟ್ಟಿಯಲ್ಲಿ ಸುಡಬೇಕು, ಇದನ್ನು ಸುಡುವ ಹಾಗಿಲ್ಲ, ಗಾಳಿಗೇ ಗಟ್ಟಿಯಾಗುತ್ತದೆ. ಅದಕ್ಕೇ 'ಕೋಲ್ಡ್'. ಒಣಗಿದ ಮೇಲೆ ನಯವಾಗಿ, ಗಟ್ಟಿಯಾಗಿರುತ್ತದೆ. ಹೂವಿನ ದಳದಷ್ಟು ತೆಳ್ಳಗೂ ಲಟ್ಟಿಸಬಹುದು. ಜುಮುಕಿ, ಫ್ರಿಜ್ ಮ್ಯಾಗ್ನೆಟ್, ಬೊಂಬೆ ಅಂಗಡಿಯ ತರಕಾರಿ, ಹೂವು, ಇಂಥ ಸಣ್ಣ ಕೆಲಸಕ್ಕೆ ಇದೇ ಸರಿ. ಈ ಲೇಖನ ಇದರದ್ದೇ. ಮೈದಾದ್ದು ಕೊನೆಯಲ್ಲಿ ನಾಲ್ಕು ಸಾಲು ಬರುತ್ತದೆ.

ಕೆರೆ ಮಣ್ಣು ಯಾಕಾಗಬಾರದು ಅಂತ ಕೇಳುವವರೂ ಇದ್ದಾರೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಕೆರೆಗಳಿಗೇನು ಕಮ್ಮಿ ಇಲ್ಲ. ಆದರೆ ಸುಡದ ಮಣ್ಣು ನೀರು ಬಿದ್ದರೆ ಕರಗುತ್ತದೆ. ತೆಳ್ಳಗೆ ಮಾಡಿದರೆ ಮುರಿಯುತ್ತದೆ. ಗಣಪತಿಗೆ ಅದು ಸರಿ, ಕಿವಿಯೋಲೆಗೆ ಅಲ್ಲ.

ಬೇಕಾಗುವ ಸಾಮಾನು

ಕಾರ್ನ್‌ಫ್ಲೋರ್ 1 ಕಪ್. ಬಿಳಿ ಅಂಟು 1 ಕಪ್. ಬೇಬಿ ಆಯಿಲ್ 2 ಟೇಬಲ್ ಚಮಚ. ವಿನಿಗರ್ ಇಲ್ಲವೇ ಸೋಸಿದ ನಿಂಬೆರಸ 2 ಟೇಬಲ್ ಚಮಚ. ಕೈಗೆ ಹಚ್ಚಿಕೊಳ್ಳಲು ಸ್ವಲ್ಪ ಕೋಲ್ಡ್ ಕ್ರೀಮ್. ಅಷ್ಟೇ. ಮೊದಲ ಸಲ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ. ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಪಟ್ಟಿ ಚಿಕ್ಕದು, ಆದರೆ ಜನ ಎಡವುವುದು ಇಲ್ಲಿಂದಲೇ.

ಕಾರ್ನ್‌ಫ್ಲೋರ್ ಅಂದರೆ ಮುಟ್ಟಿದರೆ 'ಕರಕರ' ಅನ್ನುವ, ಟಾಲ್ಕಂ ಪೌಡರ್‌ನಷ್ಟು ನುಣುಪಾದ ಬಿಳಿ ಪುಡಿ. ಮೆಕ್ಕೆಜೋಳದ ಪಿಷ್ಟ ಮಾತ್ರ ಇದರಲ್ಲಿರುತ್ತದೆ. ಮಿಲ್‌ಗೆ ಹಾಕಿಸಿದ ಮೆಕ್ಕೆಜೋಳದ ಹಿಟ್ಟು ಬೇರೆ. ಅದು ಹಳದಿ, ತರಿತರಿ. ಅದರಲ್ಲಿ ಮಾಡಿದರೆ ಕ್ಲೇ ಬರುವುದಿಲ್ಲ, ಅಂಟು ಕಲಸಿದ ರೊಟ್ಟಿ ಹಿಟ್ಟು ಬರುತ್ತದೆ. ಕಸ್ಟರ್ಡ್ ಪೌಡರ್ ಕೂಡ ಬೇಡ, ಅದರಲ್ಲಿ ಬಣ್ಣ, ಪರಿಮಳ ಎಲ್ಲ ಸೇರಿಸಿರುತ್ತಾರೆ.

ಬಿಳಿ ಅಂಟು ಅಂದರೆ ಮರಗೆಲಸಕ್ಕೆ, ಕ್ರಾಫ್ಟ್‌ಗೆ ಬಳಸುವ ಫೆವಿಕಾಲ್ ತರದ್ದು. ಇದಕ್ಕೆ ಪಿವಿಎ ಅಂಟು ಅಂತ ಹೆಸರು. ಹಸಿಯಾಗಿದ್ದಾಗ ಹಾಲಿನ ಹಾಗೆ ಬೆಳ್ಳಗಿದ್ದು, ಒಣಗಿದ ಮೇಲೆ ಪಾರದರ್ಶಕ ಆಗುತ್ತದೆ. ಆಫೀಸಿನ ನೀರು ನೀರಾದ ಗೋಂದು ಆಗುವುದಿಲ್ಲ. ಫೆವಿಕ್ವಿಕ್ ತರದ ತಕ್ಷಣ ಹಿಡಿಯುವ ಅಂಟಂತೂ ಒಲೆ ಹತ್ತಿರವೇ ತರಬೇಡಿ.

ಎಣ್ಣೆ ವಿಚಾರ. ನಮ್ಮ ಕಡೆ ಅಡುಗೆಮನೆಯಲ್ಲಿ ಕೈಗೆ ಸಿಗುವುದು ಕಡಲೆಕಾಯಿ ಎಣ್ಣೆ. ಹಾಕಿದರೆ ಆ ದಿನಕ್ಕೆ ಏನೂ ಆಗುವುದಿಲ್ಲ. ಕೆಲವು ತಿಂಗಳ ನಂತರ ಬೊಂಬೆ ಡಬ್ಬಿ ತೆಗೆದಾಗ ಕಮಟು ವಾಸನೆ ಹೊಡೆಯುತ್ತದೆ. ತೆಂಗಿನೆಣ್ಣೆ ಅಷ್ಟು ಬೇಗ ಕಮಟುವುದಿಲ್ಲ, ಆದರೆ ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಹಾಗೆ ಕ್ಲೇ ಒಳಗೂ ಬಿಗಿಯುತ್ತದೆ. ಬೇಬಿ ಆಯಿಲ್ ಖನಿಜ ತೈಲ. ಕಮಟುವುದೂ ಇಲ್ಲ, ಹೆಪ್ಪುಗಟ್ಟುವುದೂ ಇಲ್ಲ.

ವಿನಿಗರ್ ಬೂಷ್ಟು ತಡೆಯಲು. ನಿಂಬೆರಸವೂ ನಡೆಯುತ್ತದೆ, ಆದರೆ ಬಟ್ಟೆಯಲ್ಲಿ ಸೋಸಿ. ಒಂದು ಚೂರು ತೊಳೆ ಉಳಿದರೂ ಒಣಗಿದ ಮೇಲೆ ಕಂದು ಚುಕ್ಕೆಯಾಗಿ ಕಾಣುತ್ತದೆ. ಮಳೆಗಾಲವಾದರೆ ನಾನು ಮೂರು ನಾಲ್ಕು ಹನಿ ಲವಂಗದ ಎಣ್ಣೆಯನ್ನೂ ಹಾಕುತ್ತೇನೆ.

ಪಾತ್ರೆ: ಹಳೆಯ ನಾನ್‌ಸ್ಟಿಕ್ ಬಾಣಲೆ, ಒಂದು ಮರದ ಸೌಟು. ಇವೆರಡನ್ನೂ ಮತ್ತೆ ಅಡುಗೆಗೆ ಬಳಸಬೇಡಿ. ಮೇಲೆ ಮಾರ್ಕರ್‌ನಲ್ಲಿ 'ಕ್ಲೇ' ಅಂತ ಬರೆದಿಡಿ, ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅದರಲ್ಲೇ ಒಗ್ಗರಣೆ ಹಾಕುತ್ತಾರೆ.

ಮಾಡುವ ಹಂತಗಳು

1. ತಣ್ಣಗಿದ್ದಾಗಲೇ ಕಲಸಿ. ಒಲೆ ಹಚ್ಚುವ ಮೊದಲೇ ಬಾಣಲೆಗೆ ಅಂಟು, ಎಣ್ಣೆ, ವಿನಿಗರ್ ಹಾಕಿ ಚೆನ್ನಾಗಿ ತಿರುವಿ. ಆಮೇಲೆ ಕಾರ್ನ್‌ಫ್ಲೋರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಎರಡು ಚಮಚ ಹಿಟ್ಟು ಪಕ್ಕಕ್ಕೆ ಎತ್ತಿಡಿ. ಒಂದೊಂದು ಅಂಟು ಒಂದೊಂದು ಥರ ಗಟ್ಟಿ ಇರುತ್ತದೆ. ಬೇಕಾದರೆ ನಾದುವಾಗ ಸೇರಿಸಬಹುದು, ಜಾಸ್ತಿ ಆದದ್ದನ್ನು ತೆಗೆಯಲು ಆಗುವುದಿಲ್ಲ. ಗಂಟು ಉಳಿಯಬಾರದು. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದ ಬರಬೇಕು.

2. ಸಣ್ಣ ಉರಿ, ನಿಲ್ಲಿಸದೆ ತಿರುವುವುದು. ಇದು ಮುದ್ದೆ ತಿರುವಿದ ಹಾಗೇ. ಫೋನ್ ಬಂದರೆ ಎತ್ತಬೇಡಿ. ಮೊದಲು ಎರಡು ಮೂರು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ತಳದಲ್ಲಿ ಮೊಸರು ಒಡೆದ ಹಾಗೆ ಗಟ್ಟಿ ಗಟ್ಟಿ ಕಾಣಿಸುತ್ತದೆ. ಕೆಟ್ಟಿತು ಅಂದುಕೊಂಡು ಬಿಡಬೇಡಿ. ಬಿಸಿಗೆ ಪಿಷ್ಟ ನೀರು ಹೀರಿ ಊದಿಕೊಳ್ಳುವುದೇ ಹಾಗೆ. ಅದಕ್ಕೆ 70 ಡಿಗ್ರಿ ಆಸುಪಾಸಿನ ಬಿಸಿ ಸಾಕು, ಕುದಿಯಬೇಕಿಲ್ಲ. ಉರಿ ಜೋರು ಮಾಡಿದರೆ ತಳ ಬೇಯುತ್ತದೆ, ಮೇಲೆ ಹಸಿ ಉಳಿಯುತ್ತದೆ. ಕಿಟಕಿ ತೆರೆದಿರಲಿ, ಅಂಟಿನ ವಾಸನೆ ಸ್ವಲ್ಪ ಬರುತ್ತದೆ.

3. ಇಳಿಸುವ ಹದ. ಇಡೀ ಹಿಟ್ಟು ಬಾಣಲೆ ಬಿಟ್ಟು ಸೌಟಿನ ಸುತ್ತ ಒಂದೇ ಉಂಡೆಯಾಗಿ ಸುತ್ತಿಕೊಂಡಾಗ ತಕ್ಷಣ ಇಳಿಸಿ. ಮುದ್ದೆ ಬೆಂದಿದೆಯಾ ಅಂತ ಒದ್ದೆ ಕೈಯಲ್ಲಿ ಮುಟ್ಟಿ ನೋಡುತ್ತೇವಲ್ಲ, ಇಲ್ಲಿ ಕ್ರೀಮ್ ಹಚ್ಚಿದ ಬೆರಳಲ್ಲಿ ಮುಟ್ಟಿ. ಅಂಟಿ ಎಳೆ ಬಂದರೆ ಇನ್ನೂ ಅರ್ಧ ನಿಮಿಷ ಬೇಕು. ಮೆತ್ತಗೆ ಒತ್ತಿಕೊಂಡು ಬೆರಳು ಬಿಟ್ಟರೆ ಆಯಿತು. ಒಳಗೆ ಸ್ವಲ್ಪ ಹಸಿ ಅನ್ನಿಸಿದರೂ ಪರವಾಗಿಲ್ಲ, ಬಾಣಲೆ ಬಿಸಿಗೆ ಬೇಯುತ್ತದೆ. ಕಮ್ಮಿ ಬೆಂದದ್ದನ್ನು ಮತ್ತೆ ಒಲೆಗಿಡಬಹುದು. ಜಾಸ್ತಿ ಬೆಂದು ಪುಡಿಪುಡಿಯಾದದ್ದಕ್ಕೆ ಔಷಧಿ ಇಲ್ಲ.

ಮೈಕ್ರೋವೇವ್ ಇದ್ದವರು 30 ಸೆಕೆಂಡಿಗೊಮ್ಮೆ ತೆಗೆದು ತಿರುವಿ ಇದೇ ಹದ ನೋಡಿಕೊಳ್ಳಿ. ನನಗೆ ಒಲೆಯೇ ವಾಸಿ, ಹದ ಕೈಗೆ ಗೊತ್ತಾಗುತ್ತದೆ.

4. ಬಿಸಿ ಇರುವಾಗಲೇ ನಾದಿ. ಕೈಗೆ ಕ್ರೀಮ್ ಹಚ್ಚಿಕೊಂಡು, ತಡೆಯುವಷ್ಟು ಬಿಸಿ ಇದ್ದಾಗ ನಾದಲು ಶುರು ಮಾಡಿ. ಹೋಳಿಗೆ ಕಣಕ ನಾದಿದ ಹಾಗೆ, ಕನಿಷ್ಠ ಹತ್ತು ನಿಮಿಷ. ಇಲ್ಲಿ ಸೋಮಾರಿತನ ಮಾಡಿದರೆ ಮೇಲ್ಮೈ ಕಿತ್ತಳೆ ಸಿಪ್ಪೆ ಥರ ಉಳಿಯುತ್ತದೆ. ಒಂದು ಚೂರು ತೆಗೆದು ಎರಡು ಕೈಯಲ್ಲಿ ನಿಧಾನ ಎಳೆಯಿರಿ. ಮೊನೆ ಬಂದು, ಬಳುಕಿಕೊಂಡು ತುಂಡಾದರೆ ಸರಿಯಾಗಿದೆ. ಪಟ್ಟನೆ ಕತ್ತರಿಸಿದ ಹಾಗೆ ಮುರಿದರೆ ಇನ್ನೂ ನಾದಬೇಕು, ಇಲ್ಲವೇ ಚೂರು ಕ್ರೀಮ್ ಬೇಕು.

5. ಒಂದು ರಾತ್ರಿ ಬಿಡಿ. ಉಗುರು ಬೆಚ್ಚಗಾದ ಮೇಲೆ ಕ್ಲಿಂಗ್ ಫಿಲ್ಮ್, ಅಂದರೆ ಊಟ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ, ಗಾಳಿ ಸಂದು ಇಲ್ಲದ ಹಾಗೆ ಬಿಗಿಯಾಗಿ ಸುತ್ತಿ. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ಹಾಕಿ ಮುಚ್ಚಿ. ಬಿಸಿ ಬಿಸಿ ಡಬ್ಬಿಗೆ ಹಾಕಿದರೆ ಒಳಗೆ ಬೆವರುತ್ತದೆ. ಆ ನೀರಿಗೆ ವಾರದಲ್ಲಿ ಬೂಷ್ಟು ಬರುತ್ತದೆ. "ವಿನಿಗರ್ ಹಾಕಿದ್ರೂ ಬೂಷ್ಟು ಬಂತು" ಅನ್ನುವವರು ಮೊದಲು ಇದನ್ನೇ ನೋಡಿಕೊಳ್ಳಿ. ಮಾರನೇ ದಿನ ಕ್ಲೇ ಹಿಂದಿನ ದಿನಕ್ಕಿಂತ ತುಂಬಾ ಚೆನ್ನಾಗಿ ಮಾತು ಕೇಳುತ್ತದೆ.

ಬಾಣಲೆ ತೊಳೆಯುವಾಗ ಮೆತ್ತಿದ್ದನ್ನು ಸಿಂಕ್‌ಗೆ ಬಿಡಬೇಡಿ. ಪಿಷ್ಟ, ಅಂಟು ಎರಡೂ ಸೇರಿ ಪೈಪ್ ಕಟ್ಟಿಕೊಳ್ಳುತ್ತದೆ. ಒಣಗಲು ಬಿಟ್ಟರೆ ಹಪ್ಪಳದ ಹಾಗೆ ಎದ್ದು ಬರುತ್ತದೆ, ಕಸಕ್ಕೆ ಹಾಕಿ.

6. ಬಣ್ಣ ಕಲಸುವುದು. ಇಲ್ಲಿ ಒಂದು ಮೋಸ ಇದೆ. ಹಸಿ ಕ್ಲೇ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಮೇಣದ ಥರ ಅರೆ ಪಾರದರ್ಶಕ ಆಗುತ್ತದೆ. ಅಂಟು ಒಣಗಿದಾಗ ಬಿಳುಪು ಹೋಗುತ್ತದೆ ಅಂದೆನಲ್ಲ, ಅದಕ್ಕೇ. ಆದ್ದರಿಂದ ಯಾವ ಬಣ್ಣ ಮಾಡಿದರೂ ಮೊದಲು ಕಡಲೆಕಾಳಿನಷ್ಟು ಬಿಳಿ ಅಕ್ರಿಲಿಕ್ ಪೇಂಟ್ ನಾದಿ, ಆಮೇಲೆ ಬೇಕಾದ ಬಣ್ಣ. ಎಲ್ಲ ಬಣ್ಣವೂ ಒಣಗಿದಾಗ ಗಾಢವಾಗುತ್ತದೆ. ಟೊಮೇಟೊ ಬೇಕಾದರೆ ಕಿತ್ತಳೆ ಕೆಂಪಿನಲ್ಲಿ ನಿಲ್ಲಿಸಿ. ಪೂರ್ತಿ ಕೆಂಪು ಮಾಡಿದರೆ ಒಣಗಿದ ಮೇಲೆ ಬೀಟ್‌ರೂಟ್ ಆಗುತ್ತದೆ. ಅರಿಶಿನ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಚಂದ ಬರುತ್ತದೆ, ಆದರೆ ಬೆಳಕಿಗೆ ಇಟ್ಟರೆ ಬಣ್ಣ ಹಾರುತ್ತದೆ. ಅಡುಗೆ ಬಣ್ಣವೂ ಅಷ್ಟೇ.

7. ಆಕಾರ ಕೊಡುವುದು. ಬೇಕಾದಷ್ಟು ಚೂರು ಮಾತ್ರ ಹೊರಗೆ ತೆಗೆದು, ಉಳಿದದ್ದನ್ನು ಮುಚ್ಚಿಡಿ. ಉಪಕರಣ ಕೊಳ್ಳಬೇಕಿಲ್ಲ. ಹಲ್ಲುಕಡ್ಡಿ, ಖಾಲಿ ರೀಫಿಲ್, ಹಳೆ ಬಾಚಣಿಗೆ, ಹೇರ್‌ಪಿನ್ ಸಾಕು. ಎಳೆ ಎಳೆ ಬೇಕಾದರೆ ಹಳೆಯ ಚಕ್ಕುಲಿ ಒರಳಿಗಿಂತ ಒಳ್ಳೆ ಸಾಧನ ಇಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳೂ ಅದ್ಭುತವಾಗಿ ಬರುತ್ತವೆ, ಒಳಗೆ ಕಾರ್ನ್‌ಫ್ಲೋರ್ ಧೂಳು ಹಾಕಿ ಒತ್ತಬೇಕು. ಆದರೆ ಒಮ್ಮೆ ಕ್ಲೇಗೆ ಬಳಸಿದ ಒರಳು, ಅಚ್ಚು ಮತ್ತೆ ತಿಂಡಿಗೆ ಬೇಡ. ಅಜ್ಜಿ ಕಾಲದ ಅಚ್ಚನ್ನಂತೂ ಇದಕ್ಕೆ ಮುಟ್ಟಬೇಡಿ, ಬೇರೆ ಜೊತೆ ಹುಡುಕಿ.

ಶುರುವಿಗೆ ನಮ್ಮ ಎಪಿಎಂಸಿ ಯಾರ್ಡಿನ ಟೊಮೇಟೊ ಬಾಕ್ಸ್ ಮಾಡಿ. ಕೋಲಾರದವರ ಬೊಂಬೆ ಅಂಗಡಿಯಲ್ಲಿ ಅದಿಲ್ಲದಿದ್ದರೆ ಹೇಗೆ, ಅಲ್ವಾ? ಬಟಾಣಿ ಕಾಳಿನಷ್ಟು ಕ್ಲೇ ತೆಗೆದುಕೊಂಡು ಅಂಗೈಯಲ್ಲಿ ಬಿರುಕಿಲ್ಲದ ಉಂಡೆ ಮಾಡಿ. ಮೇಲೆ ಕೆಳಗೆ ಮೆತ್ತಗೆ ಒತ್ತಿ. ಟೊಮೇಟೊ ಚೆಂಡಿನಷ್ಟು ಗುಂಡಗಿರುವುದಿಲ್ಲ, ಸ್ವಲ್ಪ ಕೂತಿರುತ್ತದೆ. ರೀಫಿಲ್ ತುದಿಯಿಂದ ನೆತ್ತಿಯಲ್ಲಿ ಒಂದು ಗುಳಿ ಮಾಡಿ. ಹಲ್ಲುಕಡ್ಡಿಯನ್ನು ಅಡ್ಡ ಮಲಗಿಸಿ, ಗುಳಿಯಿಂದ ಹೊರಕ್ಕೆ ನಾಲ್ಕೈದು ಕಡೆ ಹಗುರಾಗಿ ಒತ್ತಿ. ಭುಜ ಬರುತ್ತದೆ. ಹಸಿರು ಕ್ಲೇಯನ್ನು ಸಾಸಿವೆಯಷ್ಟು ತೆಗೆದು ಚಪ್ಪಟೆ ಮಾಡಿ, ಐದು ಕಡೆ ಸೀಳಿ, ಒಂದು ಚುಕ್ಕೆ ಅಂಟಿನಿಂದ ಗುಳಿಯಲ್ಲಿ ಕೂರಿಸಿ. ಎಲ್ಲವೂ ಒಂದೇ ಕೆಂಪು ಮಾಡಬೇಡಿ. ಮೂರು ನಾಲ್ಕು ದೋರೆಗಾಯಿ, ಒಂದೆರಡು ಭುಜದ ಹತ್ತಿರ ಹಸಿರು ಉಳಿದವು ಸೇರಿಸಿ. ಬಾಕ್ಸಿಗೆ ಐಸ್‌ಕ್ರೀಮ್ ಕಡ್ಡಿ ಕತ್ತರಿಸಿ ಅಂಟಿಸಿ. ನಿಜವಾದ ಬಾಕ್ಸಿನಲ್ಲಿ 15 ಕೆಜಿ ಹಿಡಿಯುತ್ತದೆ, ನಿಮ್ಮದರಲ್ಲಿ ಇಪ್ಪತ್ತು ಹಣ್ಣು ಸಾಕು.

ಆಮೇಲೆ ಶ್ರೀನಿವಾಸಪುರದ ಮಾವು. ತೋತಾಪುರಿ ಸುಲಭ, ಯಾಕೆಂದರೆ ತುದಿಯಲ್ಲಿ ಗಿಣಿ ಕೊಕ್ಕಿನ ಹಾಗೆ ಮಾಡಿದರೆ ಯಾರಿಗೂ ಹೆಸರು ಹೇಳಬೇಕಿಲ್ಲ. ಬಾದಾಮಿ ಕಷ್ಟ, ಸುಮ್ನೆ ಒಂದು ಹಳದಿ ಮೊಟ್ಟೆ ಥರ ಬಂದುಬಿಡುತ್ತದೆ. ಶಿಡ್ಲಘಟ್ಟದ ಕಡೆಯವರು ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ ಮಾಡಿ ನೋಡಿ. ಬಿದಿರು ಕಡ್ಡಿ ಬೆನ್ನಿಗೆ ಕಟ್ಟಿದ ಪುಟ್ಟ ತಟ್ಟೆ, ಅದರಲ್ಲಿ ಸುರುಳಿ, ಸುರುಳಿ ನಡುವೆ ಅಕ್ಕಿಕಾಳಿನಷ್ಟು ಗೂಡುಗಳು.

ಎರಡು ಭಾಗ ಜೋಡಿಸುವಾಗ ನೀರು ಹಚ್ಚಬೇಡಿ. ಎರಡೂ ಕಡೆ ಹಲ್ಲುಕಡ್ಡಿಯಿಂದ ಗೀರಿ, ಅದೇ ಬಿಳಿ ಅಂಟು ಹಚ್ಚಿ ಒತ್ತಿ. ನೀರು ಹಚ್ಚಿದ ಜಾಗ ಆಗ ಅಂಟಿದ ಹಾಗೆ ಕಂಡು, ಒಣಗಿದ ಮೇಲೆ ಕಳಚಿಕೊಳ್ಳುತ್ತದೆ. ಲಿಂಬೆಹಣ್ಣಿಗಿಂತ ದೊಡ್ಡದು ಏನೇ ಮಾಡಿದರೂ ಪೂರ್ತಿ ಕ್ಲೇಯಲ್ಲಿ ಮಾಡಬೇಡಿ. ಒಳಗೆ ಅಲ್ಯುಮಿನಿಯಂ ಫಾಯಿಲ್ ಬಿಗಿಯಾಗಿ ಮುದುರಿ ಉಂಡೆ ಮಾಡಿ, ಅದಕ್ಕೆ ಅಂಟು ಸವರಿ, ಮೇಲೆ ಚಪಾತಿ ದಪ್ಪ ಕ್ಲೇ ಹೊದಿಸಿ. ಈ ಒಳಗಟ್ಟಿಗೆ ಆರ್ಮೇಚರ್ ಅನ್ನುತ್ತಾರೆ.

8. ಒಣಗಿಸುವುದು. ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳ ನೋಡಿದ್ದೀರಲ್ಲ, ಚಕ್ಕೆ ಚಕ್ಕೆಯಾಗಿ ಸೀಳಿರುತ್ತದೆ. ಬಿಸಿಲಿಗೆ ಮೇಲಿನ ಪದರ ಮೊದಲು ಒಣಗಿ ಕುಗ್ಗುತ್ತದೆ, ಕೆಳಗಿನದು ಇನ್ನೂ ಹಸಿ ಇದ್ದು ಕುಗ್ಗಲು ಬಿಡುವುದಿಲ್ಲ. ಎಳೆದಾಟದಲ್ಲಿ ಮೇಲ್ಮೈ ಸೀಳುತ್ತದೆ. ನಿಮ್ಮ ಬೊಂಬೆಗೆ ಆಗುವುದೂ ಅದೇ. ಬಿಳಿ ಅಂಟಿನಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ ಇರುತ್ತದೆ. ಆ ನೀರೆಲ್ಲ ಹೊರಗೆ ಹೋಗಬೇಕು. ಹೋದಾಗ ಬೊಂಬೆ ಕುಗ್ಗಲೇಬೇಕು. ಹತ್ತಕ್ಕೆ ಒಂದು ಪಾಲಾದರೂ ಚಿಕ್ಕದಾಗುತ್ತದೆ, ಕೆಲವು ಸಲ ಎರಡು ಪಾಲು. ಅದನ್ನು ತಡೆಯಲು ಆಗುವುದಿಲ್ಲ. ಎಲ್ಲ ಕಡೆ ಒಂದೇ ಸಮ, ನಿಧಾನಕ್ಕೆ ಕುಗ್ಗುವ ಹಾಗೆ ನೋಡಿಕೊಳ್ಳಬಹುದು.

ನಾನು ಮೊದಲ ಸಲ ಮಾಡಿದ್ದು ಏಪ್ರಿಲ್‌ನಲ್ಲಿ. ಹಪ್ಪಳ ಸಂಡಿಗೆ ಒಣಗಿಸುವ ಅಭ್ಯಾಸದಲ್ಲಿ ತಟ್ಟೆ ತೆಗೆದುಕೊಂಡು ಹೋಗಿ ಮಾಳಿಗೆ ಮೇಲಿಟ್ಟೆ. ಸಂಜೆಗೆ ಹನ್ನೆರಡು ಮಾವಿನಹಣ್ಣಿನಲ್ಲಿ ಹನ್ನೊಂದು ಸೀಳಿದ್ದವು. ಉಳಿದ ಒಂದು ಮಾವು ಪಕ್ಕದಲ್ಲಿಟ್ಟ ಕ್ಲೇ ಬದನೆಕಾಯಿಯ ನೆರಳಲ್ಲಿತ್ತು.

ಹೀಗೆ ಮಾಡಿ. ಮೊದಲ ದಿನ ಬೊಂಬೆಗಳನ್ನು ಮನೆಯೊಳಗೆ, ಫ್ಯಾನ್ ಗಾಳಿ ನೇರ ಬೀಳದ ಕಡೆ ಇಡಿ. ಮೇಲೆ ಒಂದು ಜಾಲರಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ತೆಳು ಬಟ್ಟೆ ಹೊದಿಸಿ. ಮಾರ್ಚ್-ಏಪ್ರಿಲ್ ಒಣಹವೆಯಲ್ಲಿ ಇದು ಬೇಕೇ ಬೇಕು. ಎರಡನೇ ದಿನ ಬಟ್ಟೆ ತೆಗೆಯಿರಿ. ದಿನಕ್ಕೆ ಎರಡು ಸಲ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ತಳ ಹಸಿಯಾಗೇ ಇದ್ದು ಚಪ್ಪಟೆಯಾಗುತ್ತದೆ. ಪ್ಲಾಸ್ಟಿಕ್ ತಟ್ಟೆಯ ಬದಲು ಸ್ಪಂಜಿನ ಮೇಲೋ, ಅಕ್ಕಿ ತುಂಬಿದ ಬಟ್ಟಲಲ್ಲಿ ಬಟ್ಟೆ ಹಾಸಿಯೋ ಇಟ್ಟರೆ ಕೆಳಗೂ ಗಾಳಿ ಆಡುತ್ತದೆ. ಮೇಲೆ ಹೇಳಿದ ಬಟಾಣಿಯಷ್ಟು ಟೊಮೇಟೊ ಗಾತ್ರದ್ದು ಒಣಗಲು ಎರಡು ಮೂರು ದಿನ, ಹೆಬ್ಬೆರಳಿಗಿಂತ ದಪ್ಪದ್ದು ಒಂದು ವಾರ. ಓವನ್, ಹೇರ್ ಡ್ರೈಯರ್ ಎರಡೂ ಬೇಡ.

ನಮ್ಮ ಕಡೆ ಮಳೆ ಜಾಸ್ತಿ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸರಿಯಾಗಿ ದಸರಾ ಹೊತ್ತಿಗೆ. ಆ ಥಂಡಿಯಲ್ಲಿ ಬಿರುಕು ಬರುವುದು ಕಮ್ಮಿ, ಆದರೆ ಒಣಗುವುದೇ ಇಲ್ಲ, ಬೂಷ್ಟಿನ ಭಯ. ಆಗ ಬಟ್ಟೆ ಬೇಡ, ದೂರದಿಂದ ಫ್ಯಾನ್ ಹಾಕಿ. ಮಹಾಲಯ ಅಮಾವಾಸ್ಯೆಗೆ ಶುರು ಮಾಡಿ ಮಾರನೇ ದಿನ ಬೊಂಬೆ ಕೂರಿಸುತ್ತೇನೆ ಅಂದರೆ ಆಗದ ಮಾತು. ಗಣಪತಿ ಹಬ್ಬ ಮುಗಿದ ತಕ್ಷಣ ಕೂತುಕೊಳ್ಳಿ.

ಸಣ್ಣ ಬಿರುಕು ಬಂದರೆ ಎಸೆಯಬೇಡಿ. ಅದೇ ಬಣ್ಣದ ಚೂರು ಕ್ಲೇಗೆ ಅಂಟು ಸೇರಿಸಿ ಬೆಣ್ಣೆ ಹದ ಮಾಡಿ ಬಿರುಕಿಗೆ ತುಂಬಿ, ಒಣಗಿದ ಮೇಲೆ ಉಗುರಿಗೆ ಬಳಸುವ ಅರದಿಂದ ಉಜ್ಜಿ. ಪೂರ್ತಿ ಒಣಗಿ, ಕುಗ್ಗುವುದು ಮುಗಿದ ಮೇಲೆಯೇ ಇದನ್ನು ಮಾಡಬೇಕು. ಮೊದಲೇ ತುಂಬಿದರೆ ಪಕ್ಕದಲ್ಲಿ ಇನ್ನೊಂದು ಸೀಳು ಏಳುತ್ತದೆ.

9. ವಾರ್ನಿಶ್. ಒಣಗಿದ ಕ್ಲೇ ಗಟ್ಟಿ ಇದ್ದರೂ ನೀರಿಗೆ ಮೆತ್ತಗಾಗುತ್ತದೆ. ಅದಕ್ಕೆ ಮೇಲೊಂದು ಪದರ ಬೇಕು, ಇದನ್ನು ಸೀಲ್ ಮಾಡುವುದು ಅನ್ನುತ್ತಾರೆ. ಬಣ್ಣವಿಲ್ಲದ ಅಕ್ರಿಲಿಕ್ ವಾರ್ನಿಶ್ ತೆಳ್ಳಗೆ ಎರಡು ಸಲ ಹಚ್ಚಿ, ನಡುವೆ ಒಣಗಲು ಬಿಡಿ. ಜುಮುಕಿಯಾದರೆ ಮೂರು ಸಲ, ತೂತಿನ ಒಳಗೂ. ಬೆವರು ಅಲ್ಲಿಂದಲೇ ಇಳಿಯುವುದು. ನೇಲ್ ಪಾಲಿಶ್ ಸಾಕಲ್ವಾ ಅನ್ನುವವರಿಗೆ: ಅದರ ದ್ರಾವಕ ಅಕ್ರಿಲಿಕ್ ಬಣ್ಣವನ್ನೇ ಕರಗಿಸಿ ಕದಡಿಬಿಡಬಹುದು. ಮುರಿದ ಒಂದು ತುಂಡಿನ ಮೇಲೆ ಹಚ್ಚಿ ನೋಡದೆ ಬೊಂಬೆಗೆ ಹಚ್ಚಬೇಡಿ. ವಾರ್ನಿಶ್ ಹಚ್ಚಿದರೂ ಇದನ್ನು ನೀರಲ್ಲಿ ತೊಳೆಯುವ ಹಾಗಿಲ್ಲ. ಊಟ ತಿಂಡಿ ಇಡುವ ಬಟ್ಟಲು ಇದರಲ್ಲಿ ಮಾಡಲೇಬೇಡಿ.

ಪುಟ್ಟ ಮಕ್ಕಳಿರುವ ಮನೆಗೆ

ಅಂಟಿನ ಕ್ಲೇ ಚಿಕ್ಕ ಮಕ್ಕಳ ಕೈಗೆ ಬೇಡ. ಅವರಿಗೆ ಮೈದಾದ್ದು ಮಾಡಿಕೊಡಿ. 1 ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, 1 ಕಪ್ ನೀರು, 1 ಚಮಚ ಎಣ್ಣೆ, 1 ಚಮಚ ನಿಂಬೆರಸ, ಎಲ್ಲ ಕಲಸಿ ಸಣ್ಣ ಉರಿಯಲ್ಲಿ ಉಂಡೆ ಕಟ್ಟುವ ತನಕ ತಿರುವಿ ನಾದಿದರೆ ಆಯಿತು. ಡಬ್ಬಿಯಲ್ಲಿಟ್ಟರೆ ಕೆಲವು ವಾರ ಮೆತ್ತಗಿರುತ್ತದೆ. ಇದು ಆಡಲು ಮಾತ್ರ, ಒಣಗಿಸಿ ಇಟ್ಟುಕೊಳ್ಳಲು ಅಲ್ಲ. ಉಪ್ಪು ಗಾಳಿಯ ತೇವ ಎಳೆದು ಮಳೆಗಾಲದಲ್ಲಿ ಜಿಗುಟಾಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಎಟುಕದ ಹಾಗೆ ಇಡಿ, ಅಷ್ಟು ಉಪ್ಪು ನಾಯಿಗಳಿಗೆ ವಿಷವೇ. ಇನ್ನು ನೀವು ಮಾಡಿದ ಟೊಮೇಟೊ, ಮಾವು ಚೆನ್ನಾಗಿ ಬಂದಷ್ಟೂ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯ ಜಾಸ್ತಿ. ಮೂರು ವರ್ಷದೊಳಗಿನ ಮಗು ಬರುವ ಮನೆಯಾದರೆ ಅಂಗಡಿಯನ್ನು ಮೇಲಿನ ಮೆಟ್ಟಿಲಲ್ಲಿ ಜೋಡಿಸಿ.

ಎತ್ತಿಡುವುದು

ಮಿಕ್ಕ ಹಸಿ ಕ್ಲೇಯನ್ನು ಕ್ಲಿಂಗ್ ಫಿಲ್ಮ್‌ನಲ್ಲಿ ಸುತ್ತಿ, ಜಿಪ್ ಕವರಿಗೆ ಹಾಕಿ, ಡಬ್ಬಿಯಲ್ಲಿಟ್ಟರೆ ಒಂದೆರಡು ತಿಂಗಳು ಬರುತ್ತದೆ. ತೆಗೆದಾಗ ಗಟ್ಟಿ ಅನ್ನಿಸಿದರೆ ಕ್ರೀಮ್ ಹಚ್ಚಿ ನಾದಿ. ಹುಳಿ ವಾಸನೆ ಇದ್ದರೆ ಪರವಾಗಿಲ್ಲ, ಅದು ವಿನಿಗರ್‌ದು. ಕಪ್ಪು ಹಸಿರು ಚುಕ್ಕೆ ಕಂಡರೆ ಮಾತ್ರ ಚೂರು ಕಿತ್ತು ಉಳಿಸಲು ಹೋಗಬೇಡಿ, ಪೂರ್ತಿ ಎಸೆಯಿರಿ.

ಹಬ್ಬ ಮುಗಿದ ಮೇಲೆ ಬೊಂಬೆಗಳನ್ನು ಒಂದೊಂದಾಗಿ ಟಿಶ್ಯೂ ಕಾಗದದಲ್ಲಿ ಸುತ್ತಿ. ದಿನಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಇದು ಪಿಷ್ಟದಿಂದ ಮಾಡಿದ್ದು, ಜಿರಳೆ ಇಲಿಗೆ ಊಟವೇ. ರಟ್ಟಿನ ಪೆಟ್ಟಿಗೆ ಬಿಟ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಎರಡು ಒಳಗಿಡಿ. ಡಬ್ಬಿಯನ್ನು ಅಟ್ಟಕ್ಕೆ ಹಾಕುವಾಗ ಶೀಟ್ ಸೂರಿನ ಕೆಳಗೆ ಬೇಡ, ಗೋಡೆ ಪಕ್ಕ ತಂಪಿರುವ ಕಡೆ ಇಡಿ.